ಮೊದಲ ಹೆಜ್ಜೆಯ ಬೆನ್ನಿಗೆ ಡೊರೀನ್

ಬೆಳಗಿನ ಆರೂವರೆ. ಅಮೆರಿಕದ ಡುಲೂತ್ ಊರಿನ ಗುಡ್ಡದ ಮೇಲಿನ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಡೊರೀನ್ ಮಾಕಿ ಆಗಲೇ ಎರಡು ಸುತ್ತು ಮುಗಿಸಿದ್ದಾರೆ. ನಿನ್ನೆ ಸೊಂಟದ ಕೀಲು ಬದಲಿಸಿಕೊಂಡವರನ್ನು ಇಂದು ಮಂಚದಿಂದ ಎಬ್ಬಿಸಿ ನಡೆಸುವುದು ಅವರ ಕೆಲಸ. ರೋಗಿಯ ನಡುವಿಗೆ ಅಗಲದ ಪಟ್ಟಿ ಬಿಗಿದು, ಹಿಂದಿನಿಂದ ಹಿಡಿದು, "ಮೊದ್ಲು ಮೂಗು ಮುಂದೆ ಬರ್ಲಿ, ಆಮೇಲೆ ಸೊಂಟ. ಹಾಂ, ಏಳಿ" ಅನ್ನುತ್ತಾರೆ.

ದಿನಕ್ಕೆ ಏಳೆಂಟು ಮಂದಿ. ಹೀಗೆ ಹತ್ತೊಂಬತ್ತು ವರ್ಷ. ಐದು ವರ್ಷದ ಹಿಂದೆ ಇಲ್ಲಿನ ಕೆಲವು ವೈದ್ಯರ ಆಪರೇಷನ್‌ಗೆ ರೋಬೋ ಬಂತು. ಅದು ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸ್ಕ್ಯಾನ್ ನೋಡಿ ಹಾಕಿದ ಗೆರೆಯನ್ನು ವೈದ್ಯರ ಕೈ ದಾಟದಂತೆ ತಡೆಯುತ್ತದೆ. ಉಳಿದ ವೈದ್ಯರದು ಹಳೆಯ ಪದ್ಧತಿ, ತಮ್ಮ ಕಣ್ಣು, ಕೈಗಳ ಅಂದಾಜು.

"ರೋಬೋ ಆದ್ರೆ ಕೀಲಿನ ಬಟ್ಟಲು ಕರಾರುವಾಕ್ಕಾಗಿ ಕೂರುತ್ತಂತೆ. ಇರಬಹುದು. ಆದ್ರೆ ಹಿಂದಿನಿಂದ ನೋಡೋಳು ನಾನು. ಯಾರದ್ದು ರೋಬೋ, ಯಾರದ್ದು ಕೈ ಅಂತ ನಡಿಗೆ ನೋಡಿ ಹೇಳೋಕೆ ಇವತ್ತಿಗೂ ನನ್ನ ಕೈಲಿ ಆಗಲ್ಲ."

ನನ್ನೊಡನೆ ಹೀಗೆ ಮಾತಾಡುವಾಗಲೂ ಅವರು ಕೂರುವುದಿಲ್ಲ. ಕಿಟಕಿಗೆ ಹೋಗುತ್ತಾರೆ, ಬರುತ್ತಾರೆ, ವಾಕರ್‌ಗಳನ್ನು ಸರಿಸಿಡುತ್ತಾರೆ. ಕೂತರೆ ಏಳುವುದು ಕಷ್ಟ. ಅವರದೇ ಎಡ ಸೊಂಟ ಸವೆದು ಎರಡು ವರ್ಷವಾಗಿದೆ. ರೋಬೋವೋ, ಕೈಯೋ ತೀರ್ಮಾನಿಸಲಾಗದೆ ಎರಡು ಸಲ ಆಪರೇಷನ್ ದಿನ ಗೊತ್ತುಮಾಡಿ, ಎರಡು ಸಲವೂ ರದ್ದು ಮಾಡಿದರು. "ನನ್ನ ಮದ್ವೆ ಆಗೋಕೂ ಇಷ್ಟು ಯೋಚ್ನೆ ಮಾಡ್ಲಿಲ್ವಲ್ಲೇ ನೀನು" ಎಂದು ಗಂಡ ರಾಯ್ ರೇಗಿಸುತ್ತಾರೆ.

ಕಳೆದ ಜನವರಿಯಲ್ಲಿ ಗಾರ್ಡನ್ ಪೆಲ್ಟೊ ಎಂಬ ರೋಗಿ ಏಳಲು ಒಪ್ಪಲಿಲ್ಲ. ಅದಿರು ತುಂಬುವ ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಒರಟು ಮನುಷ್ಯ. "ಕುಂಟ್ತಿರೋಳು ನೀನು, ನಡೀಬೇಕಾದೋನು ನಾನಾ? ಹೋಗಮ್ಮ, ಮೊದ್ಲು ನಿಂದು ಸರಿಮಾಡ್ಕೊಂಡು ಬಾ!"

ನರ್ಸ್‌ಗಳು ನಕ್ಕರು. ಡೊರೀನ್ ಕೂಡ ನಕ್ಕರು. "ಆಮೇಲೆ ಬೆಡ್‌ಶೀಟ್ ಇಡೋ ಕೋಣೆಗೆ ಹೋಗಿ ಅತ್ತುಬಿಟ್ಟೆ. ಆ ಮನುಷ್ಯ ಹೇಳಿದ್ದು ಸುಳ್ಳಲ್ವಲ್ಲ."

ಅದೇ ವಾರ ಇಬ್ಬರು ವೈದ್ಯರನ್ನು ಒಂದೇ ಪ್ರಶ್ನೆ ಕೇಳಿದರು: "ಆಪರೇಷನ್ ಮಧ್ಯದಲ್ಲಿ ಏನಾದ್ರೂ ಕೈಕೊಟ್ರೆ ಏನ್ಮಾಡ್ತೀರಿ?" ಸಾವಿರಾರು ಕೀಲುಗಳನ್ನು ಕೈಯಲ್ಲೇ ಕೂರಿಸಿರುವ ಹಿರಿಯ ಡಾ. ನೈಗಾರ್ಡ್ ಅಂದರು: "ಆವತ್ತು ಸರಿಮಾಡ್ತೀನಿ ಡೊರೀನ್. ಆದ್ರೆ ಜೂನ್‌ಗೆ ನಾನು ರಿಟೈರ್. ಮುಂದೆ ತೊಂದ್ರೆ ಬಂದ್ರೆ ನಾನಿಲ್ಲಿರಲ್ಲ." ರೋಬೋ ಬಳಸುವ ಡಾ. ಕೆಲ್ಸಿ ಬ್ರಾಂಟ್ ಅಂದರು: "ಮಷೀನನ್ನ ಪಕ್ಕಕ್ಕೆ ತಳ್ಳಿ ಕೈಯಲ್ಲೇ ಮುಗಿಸ್ತೀನಿ. ಎರಡು ಸಲ ಹಾಗೇ ಮಾಡಿದೀನಿ. ಕಲಿಸಿದ್ದು ನೈಗಾರ್ಡ್ ಅವರೇ."

"ನಾನು ಆರಿಸ್ಕೊಂಡಿದ್ದು ರೋಬೋನ ಅಲ್ಲ," ಎನ್ನುತ್ತಾರೆ ಡೊರೀನ್. "ಅದಿಲ್ದೇನೂ ಕೆಲಸ ಬರೋ ಡಾಕ್ಟ್ರನ್ನ."

ಬರುವ ಗುರುವಾರ ಡಾ. ಬ್ರಾಂಟ್ ಅವರಿಂದ ಆಪರೇಷನ್. ಮರುದಿನ ನಿಮ್ಮನ್ನು ಎಬ್ಬಿಸುವವರು ಯಾರು ಎಂದು ಕೇಳಿದೆ. ಜೊತೆಗೆ ಕೆಲಸ ಮಾಡುವ ಲುವಾನ್ ತಾನೇ ಎಬ್ಬಿಸುತ್ತೇನೆಂದು ಹಟ ಹಿಡಿದಿದ್ದಾಳಂತೆ.

"ಅವಳು ಬೇಡ. ನನ್ನನ್ನ ನೋಡಿದ್ರೆ ಅವಳೇ ಅತ್ತುಬಿಡ್ತಾಳೆ. ಯಾರಾದ್ರೂ ಹೊಸಬರು ಬರ್ಲಿ, ನನ್ನ ಹೆಸರು ಗೊತ್ತಿಲ್ದವರು. ಒಂದು ದಿನ ನಾನೂ ಬರೀ ಪೇಷೆಂಟ್ ಆಗಿ, ನೋವಾಯ್ತು ಅಂತ ಜೋರಾಗಿ ಬೈಬೇಕು."