ಶಿಕಾರಿಪುರದ ಸರ್ವರ್ ಒಪ್ಪಬೇಕು

ಸೊರಬದ ನಮ್ಮ ಕಾಲೇಜಿನಲ್ಲಿ ವೈಫೈ ನೋಡಿಕೊಳ್ಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಯಾರನ್ನು ಒಳಬಿಡಬೇಕೆಂದು ಹೇಳುವ ಸರ್ವರ್ ಮಾತ್ರ ಶಿಕಾರಿಪುರದಲ್ಲಿತ್ತು. ಯಾರಾದರೂ ಕದ್ದಾರೆಂದು ಹೆದರಿ ನಾನು ವಾರಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ, ನಾನೇ ಮರೆತು ಅವರ ಮುಂದೆ ನಿಲ್ಲುತ್ತಿದ್ದೆ. ದಿನಾ ಜೊತೆಗೆ ಚಹಾ ಕುಡಿಯುವ ಮನುಷ್ಯ ಕನ್ನಡಕ ಹಣೆಗೇರಿಸಿ ಅದೇ ಮಾತು ಹೇಳುತ್ತಿದ್ದರು: “ನೀವ್ಯಾರು ಅಂತ ನಂಗೊತ್ತು ರೀ. ಆ ಸರ್ವರ್‌ಗೆ ಗೊತ್ತಾಗ್ಬೇಕಲ್ಲ!”

ನಿವೃತ್ತರಾದ ಮರುವಾರ ಅವರು ಕಾಲೇಜಿಗೆ ಓಡಿಬಂದರು. ಮಗಳ ಅರ್ಜಿ ಕಳಿಸಲು ಅಂದೇ ಕೊನೆಯ ದಿನ, ಊರಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ವೈಫೈ ಅವರನ್ನು ಒಳಬಿಡಲಿಲ್ಲ. ನನ್ನ ಪಾಸ್‌ವರ್ಡ್ ಹೇಳಹೊರಟೆ, ಅಪರೂಪಕ್ಕೆ ನೆನಪಿತ್ತು.

“ಬ್ಯಾಡ್ರೀ, ಅದು ನಿಮ್ಮದು. ಸರ್ವರ್‌ನಿಂದ ನನ್ನ ಹೆಸರು ನಾನೇ ಅಳಿಸಿದ್ದು. ಎಷ್ಟು ಸರಿಯಾಗಿ ಕೆಲ್ಸ ಮಾಡ್ತದೆ ನೋಡಿ!” ಎಂದು ನಕ್ಕು, ಬಿಸಿಲಲ್ಲಿ ಸೈಬರ್ ಅಂಗಡಿಗೆ ನಡೆದರು. ಅರ್ಜಿ ಸಂಜೆಯೊಳಗೆ ಹೋಯಿತಂತೆ.

ಆ ಪಾಸ್‌ವರ್ಡನ್ನು ನಾನಿನ್ನೂ ಬದಲಿಸಿಲ್ಲ.