ಅವ್ವಿ ಬರೆದಷ್ಟೇ ಗೆರೆ

ಹೊನ್ನಾವರದ ತರಬೇತಿಯಲ್ಲಿ, ಗಣಿತವನ್ನು ಚಿತ್ರಕಲೆಯ ಜೊತೆ ಸೇರಿಸಿ ಕಲಿಸಿ ಎಂದು ಹೇಳಿ ನಮಗೆಲ್ಲ ಬಣ್ಣದ ಕಾಗದ ಹಂಚಿದರು. ನನಗೆ ಸಿಟ್ಟು ಬಂತು. ನಾನು ಕಲಿಸುವ ಶಾಲೆ ಇರುವುದು ತದಡಿಯ ಹತ್ತಿರ. ಅಲ್ಲಿ ದೀಪಾವಳಿಗೆ ಹೆಂಗಸರು ಜಗಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಶೇಡಿ ಎಂಬ ಬಿಳಿ ಮಣ್ಣಿನಲ್ಲಿ ಚಿತ್ತಾರ ಬರೆಯುತ್ತಾರೆ. ಎಡಕ್ಕೆ ಎಂಥ ಗೆರೆಯೋ ಬಲಕ್ಕೂ ಅಂಥದೇ. ಸಮಮಿತಿ ಕಲಿಸಲು ಅಂಗಡಿ ಕಾಗದ ಯಾವ ಕರ್ಮಕ್ಕೆ? ನಾಲ್ಕನೇ ತರಗತಿಯ ಮಕ್ಕಳಿಗೆ, ಅವರವರ ಮನೆ ಗೋಡೆ ನೋಡಿ ಬರೆದು ತರಲು ಹೇಳಿದೆ.

ಮರುದಿನ ಹಾಳೆಗಳನ್ನು ನಡುವೆ ಮಡಚಿ ಬೆಳಕಿಗೆ ಹಿಡಿದೆವು. ಎರಡೂ ಬದಿ ಕೂಡಿ ಬಂದವರಿಗೆ ಖುಷಿಯೋ ಖುಷಿ. ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ಬಲಬದಿ ಅರ್ಧಕ್ಕೇ ನಿಂತಿತ್ತು.

"ಇದೆಂತದೇ, ಅರ್ಧಕ್ಕೆ ಬಿಟ್ಯಲೆ?"

"ನಾ ಬಿಟ್ಟದ್ದಲ್ಲ ಅಕ್ಕೋರೆ. ಅವ್ವಿ ಅಷ್ಟೇ ಬರೆದದ್ದು."

ಹಿಂದಿನ ದೀಪಾವಳಿಯಲ್ಲಿ ಬರೆಯುತ್ತಿರುವಾಗಲೇ ಅವಳ ತಾಯಿಗೆ ಎದೆನೋವು ಬಂದಿತ್ತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಸಾವಾದ ಮನೆ, ವರ್ಷ ತುಂಬುವವರೆಗೆ ಗೋಡೆಯನ್ನು ಯಾರೂ ಮುಟ್ಟುವಂತಿಲ್ಲ. ಆ ಹಾಳೆಗೆ ಮಾರ್ಕು ಹಾಕಲು ನನ್ನ ಕೈ ಏಳಲಿಲ್ಲ. ಜೋಪಾನವಾಗಿ ತೆಗೆದಿಟ್ಟೆ.

ವರ್ಷದ ಕಾರ್ಯ ಮುಗಿದು ಮತ್ತೆ ದೀಪಾವಳಿ ಬಂತು. ಹುಡುಗಿ ಅಳುತ್ತಾ ಬಂದಳು. "ಅಪ್ಪ ಗೋಡೆಗೆ ಕೆಮ್ಮಣ್ಣು ಬಳಿ ಅಂತ್ರು. ಬಳಿದ್ರೆ ಅವ್ವಿದು ಹೋಗ್ತದೆ. ನೀವೇ ಅಪ್ಪಂಗೆ ಹೇಳಿ ಅಕ್ಕೋರೆ."

ಹೋದೆ. ಅವಳಪ್ಪ ಕೂಲಿ ಕೆಲಸದ ಮನುಷ್ಯ. ನನ್ನ ಮಾತನ್ನೆಲ್ಲ ತಲೆ ತಗ್ಗಿಸಿ ಕೇಳಿದ.

"ದಿನಾ ಅದನ್ನ ನೋಡ್ಕಂಡು ನಾ ಹೆಂಗೆ ಉಣ್ಲಿ, ಅಕ್ಕೋರೆ?"

ಮನೆಗೆ ಬಂದೆ. ಸಂಜೆ ಹುಡುಗಿ ಮತ್ತೆ ಬಂದು, "ಆ ಹಾಳೆ ಕೊಡಿ" ಎಂದಳು. ಕೊಟ್ಟೆ.

ಹಬ್ಬದ ದಿನ ಅವರ ಮನೆಗೆ ಹೋದಾಗ ಗೋಡೆ ಕೆಂಪಗೆ ಹೊಸದಾಗಿತ್ತು. ಹುಡುಗಿ ಹಾಳೆಯನ್ನು ನೋಡುತ್ತಾ ಶೇಡಿ ಬರೆಯುತ್ತಿದ್ದಳು. ಎಡಬದಿ ತುಂಬಿತ್ತು. ಬಲಬದಿ ಅರ್ಧವಾಗುತ್ತಲೇ ಎದ್ದು ಕೈ ತೊಳೆದಳು.

"ಉಳಿದದ್ದೂ ಬರಿ ಮಗಾ," ಎಂದ ಅಪ್ಪ.

"ಆತು ಅಪ್ಪಾ. ಇಷ್ಟೇಯ."

ಅವನು ಗೋಡೆಯನ್ನೇ ನೋಡಿದ. ಆಮೇಲೆ ಅಲ್ಲೇ ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.