ಪೆಟ್ಟಿಗೆಯ ಕೀಲಿ ನನ್ನ ಕೈಯಲ್ಲಿದ್ದಾಗ

ಮನೆಯಲ್ಲಿ ಹೊಡೆತ ತಿನ್ನುವ ಮಕ್ಕಳಿಗೆ ಆಸರೆಯಾಗುವ ವ್ಯವಸ್ಥೆಯೊಂದನ್ನು ರೂಪಿಸಲು ಕೊಪ್ಪದಲ್ಲಿ ಸಮಿತಿ ಮಾಡಿದರು. ಪೊಲೀಸ್, ಆಸ್ಪತ್ರೆ, ಕಾಲೇಜು, ಪಂಚಾಯಿತಿ, ಮಕ್ಕಳ ಇಲಾಖೆ ಎಲ್ಲರೂ ಸೇರಿ ಕೆಲಸ ಮಾಡಬೇಕು, ಪೆಟ್ಟು ತಿಂದ ಮಗು ಐದು ಕಚೇರಿಗೆ ಅಲೆದು ಐದು ಸಲ ಅದನ್ನೇ ಹೇಳಿ ಅಳಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಹದಿಹರೆಯದವರ ಕಷ್ಟ ಚರ್ಚಿಸಲು ಕೂತಿದ್ದ ನಮ್ಮಲ್ಲಿ ಕೂದಲು ಕಪ್ಪಗಿದ್ದವರೆಲ್ಲ ಬಣ್ಣ ಹಚ್ಚಿಕೊಂಡವರು.

ನಾನು ಊರ ಹಿರಿಯರ ಪ್ರತಿನಿಧಿ. ಎಸ್ಸೆಸ್ಸೆಲ್ಸಿ ಮುಗಿಸಿ, ನರಸಿಂಹರಾಜಪುರದ ಸುತ್ತಮುತ್ತ ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದವನು.

ಮೊದಲ ಸಭೆ ಬ್ಯಾನರಿನಲ್ಲಿ ಯಾವ ಇಲಾಖೆಯ ಹೆಸರು ಮೇಲಿರಬೇಕು ಎಂಬುದರಲ್ಲಿ ಮುಗಿಯಿತು. ಎರಡನೆಯದರಲ್ಲಿ ನಕ್ಷೆ ಬರೆದೆವು: ನಡುವೆ ‘ಮಗು’ ಎಂಬ ಒಂದು ವೃತ್ತ, ಸುತ್ತಲಿಂದ ಅದರತ್ತ ನುಗ್ಗುವ ಐದು ಬಾಣ. ಅದನ್ನು ನೋಡಿ ಯಾರಿಗೂ ಗಾಬರಿಯಾಗಲಿಲ್ಲ. ಮೂರನೆಯದರಲ್ಲಿ ಕಾಲೇಜಿನಲ್ಲಿ ಪತ್ರ ಹಾಕುವ ಪೆಟ್ಟಿಗೆ ಇಡುವುದೆಂದಾಯಿತು. ಕೀಲಿ ಯಾರ ಬಳಿ ಇರಬೇಕು? ಪೊಲೀಸರ ಬಳಿ ಇದ್ದರೆ ಮಕ್ಕಳು ಹೆದರುತ್ತಾರೆ, ಪ್ರಿನ್ಸಿಪಾಲರ ಬಳಿ ಇದ್ದರೆ ಇನ್ನೂ ಹೆದರುತ್ತಾರೆ.

“ನಮ್ಮ ಪೋಸ್ಟಿನವ್ರ ಹತ್ರನೇ ಇರ್ಲಿ ಮಾರಾಯ್ರೆ,” ಎಂದರು ಅಧ್ಯಕ್ಷರು. “ಜನ್ಮದಲ್ಲಿ ಒಬ್ಬರ ಕವರ್ ಒಡೆದು ನೋಡಿದವ್ರಲ್ಲ.”

ನಾನು ಉಬ್ಬಿಹೋದೆ. ನಿಯಮ ಒಂದೇ ಇತ್ತು: ಪತ್ರ ಬಂದ ದಿನವೇ ಮಕ್ಕಳ ಇಲಾಖೆಯ ಮೇಡಂಗೆ ಫೋನ್ ಮಾಡಬೇಕು, ಮತ್ಯಾರಿಗೂ ಹೇಳಬಾರದು.

ಮೂರನೇ ವಾರ ಒಂದು ಪತ್ರ ಬಂತು. ‘ಅಪ್ಪ ಹೊಡೆಯುತ್ತಾರೆ. ಎಡಗಿವಿ ಕೇಳಿಸುತ್ತಿಲ್ಲ. ದಯವಿಟ್ಟು ಮನೆಗೆ ಹೇಳಬೇಡಿ.’ ಹೆಸರಿರಲಿಲ್ಲ. ಆದರೆ ಆ ದುಂಡನೆಯ ಅಕ್ಷರ ನನಗೆ ಗೊತ್ತಿತ್ತು. ನಾನು ಅಂಚೆ ಒಯ್ಯುತ್ತಿದ್ದ ಶೆಟ್ಟಿಕೊಪ್ಪದ ಒಂದು ಮನೆಯಲ್ಲಿ ಅಜ್ಜಿಯ ಪಿಂಚಣಿ ಅರ್ಜಿಗಳನ್ನು ತುಂಬಿಕೊಡುತ್ತಿದ್ದ, ತಾಯಿಯಿಲ್ಲದ ಮೊಮ್ಮಗಳ ಕೈಬರಹ ಅದು.

ಮೇಡಂಗೆ ಫೋನ್ ಮಾಡಲಿಲ್ಲ. ನಮ್ಮ ಕಡೆ ಒಂದು ರೂಢಿ. ಯಾವ ತಕರಾರೂ ಕಚೇರಿ ಮೆಟ್ಟಿಲು ಹತ್ತುವ ಮೊದಲು ಹಿರಿಯನೊಬ್ಬ ಹೋಗಿ ಮನೆಯ ಯಜಮಾನನ ಕಿವಿಗೆ ಹಾಕಬೇಕು. ಬೇಲಿಯ ಜಗಳಕ್ಕೆ, ಅಣ್ಣತಮ್ಮಂದಿರ ಪಾಲಿಗೆ ಎಷ್ಟೋ ಸಲ ಹೀಗೆ ಹೋಗಿ ಮರ್ಯಾದೆ ಪಡೆದು ಬಂದಿದ್ದೆ. ಪತ್ರ ಜೇಬಿಗಿಟ್ಟುಕೊಂಡು ಹೊರಟೆ.

“ಓಹೋ, ಕೂತ್ಕಳಿ ಮಾರಾಯ್ರೆ. ಎಂತ ಇಷ್ಟು ದೂರ?” ಎಂದ ಹುಡುಗಿಯ ಅಪ್ಪ.

“ಬೆಳೆದ ಹೆಣ್ಣುಮಗಳ ಮೇಲೆ ಕೈ ಮಾಡಬಾರ್ದು ಮಾರಾಯ. ಕಾಲೇಜಿನ ಪೆಟ್ಟಿಗೆವರೆಗೂ ಹೋಗಿದೆ ವಿಷಯ.”

“ಛೆ, ಬುದ್ಧಿ ಬರ್ಲಿ ಅಂತ ಒಂದೇಟು ಅಷ್ಟೆ. ನೀವು ಹೇಳಿದ್ ಮೇಲೆ ಮುಗೀತಲ್ಲ!”

ಕಾಫಿ ತಂದವಳು ಆ ಹುಡುಗಿಯೇ. ನನ್ನ ಜೇಬಿನಿಂದ ಇಣುಕುತ್ತಿದ್ದ ಕಾಗದ ನೋಡಿದಳು. ಲೋಟ ಬಟ್ಟಲಿಗೆ ಬಡಿದು ಸದ್ದಾಯಿತು. ನಾನು, “ಕಾಫಿ ಬಹಳ ಚೆನ್ನಾಗಿದೆ ಮಗೂ” ಎಂದೆ.

ಎಂಟು ದಿನ ಅವಳು ಕಾಲೇಜಿಗೆ ಬರಲಿಲ್ಲ. ಉಪನ್ಯಾಸಕಿಯೊಬ್ಬರು ಮನೆಗೆ ಹೋಗಿ ನೋಡಿದರೆ ಅವಳ ಮಣಿಕಟ್ಟು ಮುರಿದಿತ್ತು. ಅವರು ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದರು. ಸಂಜೆಯೊಳಗೆ ಅವಳು ನೆಮ್ಮಾರಿನ ಚಿಕ್ಕಮ್ಮನ ಮನೆಯಲ್ಲಿದ್ದಳು. ಸಭೆ, ನಕ್ಷೆ, ಬಾಣ ಯಾವುದೂ ಬೇಕಾಗಲಿಲ್ಲ, ಒಂದು ಫೋನ್ ಸಾಕಾಯಿತು. ಅಪ್ಪನ ಮೇಲೆ ಕೇಸಾಯಿತು. ಅವಳನ್ನು ಅಲ್ಲೇ ಇರಗೊಡಬೇಕೋ ಮನೆಗೆ ಕಳಿಸಬೇಕೋ ಎಂದು ಮಕ್ಕಳ ಇಲಾಖೆಯವರು ನಮ್ಮ ಸಮಿತಿಯ ಅಭಿಪ್ರಾಯ ಕೇಳಿದರು.

ಸಭೆಗೆ ಅವಳು ಚಿಕ್ಕಮ್ಮನ ಜೊತೆ ಬಂದಳು. ಸಮಿತಿ ಹುಟ್ಟಿದ ಮೇಲೆ ಒಳಗೆ ಕಾಲಿಟ್ಟ ಮೊದಲ ಹರೆಯದವಳು ಅವಳೇ. ‘ನಿನಗೇನು ಬೇಕಮ್ಮ’ ಎಂದು ಅಧ್ಯಕ್ಷರು ಎರಡು ಸಲ ಕೇಳಬೇಕಾಯಿತು. ಅವಳು ಬಲಗಿವಿಯನ್ನು ಅವರತ್ತ ತಿರುಗಿಸಿ ಕೂತಳು.

“ನಾನು ಆ ಮನೆಗೆ ಹೋಗಲ್ಲ. ಚಿಕ್ಕಮ್ಮನ ಮನೆಯಿಂದ ಶೃಂಗೇರಿ ಕಾಲೇಜಿಗೆ ಹೋಗ್ತೀನಿ. ಮತ್ತೆ ಆ ಕೀಲಿ, ಅಪ್ಪಂಗೆ ಹೋಗಿ ಹೇಳಿದ ಈ ಅಜ್ಜನ ಹತ್ರ ಬೇಡ.”

“ಅವ್ರು ಒಳ್ಳೇದಕ್ಕೇ ಮಾಡಿದ್ದಲ್ವೇನಮ್ಮ?” ಎಂದರು ಯಾರೋ.

“ಮನೆಗೆ ಹೇಳ್ಬೇಡಿ ಅಂತ ಬರ್ದಿದ್ದೆ. ಓದಕ್ಕೆ ಬರ್ತದಲ್ಲ ಅವ್ರಿಗೆ?”

ನನಗೆ ಓದಲು ಬರುತ್ತದೆ. ಎದ್ದು ನಿಂತು ಅದನ್ನೇ ಹೇಳಿದೆ. ಓದಿದೆ, ಅಕ್ಷರ ಗುರುತು ಹಿಡಿದೆ, ಬೇಡ ಎಂದಿದ್ದರೂ ಹೋದೆ. ಹುಡುಗಿಯ ಕಿವಿಗಿಂತ ಯಜಮಾನನ ಎದುರು ದೊಡ್ಡಮನುಷ್ಯನಾಗುವುದು ನನಗೆ ಹೆಚ್ಚಾಗಿತ್ತು. ಕೀಲಿಯನ್ನು ಮೇಜಿನ ಮೇಲಿಟ್ಟೆ. ಅವಳು ನನ್ನತ್ತ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಅವಳು ಕೇಳಿದ್ದಕ್ಕೆ ಸಮಿತಿ ಒಪ್ಪಿತು. ಪೆಟ್ಟಿಗೆಯನ್ನೇ ತೆಗೆದು ಮೇಡಂ ಫೋನ್ ನಂಬರನ್ನು ಕಾಲೇಜಿನ ಗೋಡೆಗೆ ಬರೆಸಿದರು.

ನಡಾವಳಿ ಪುಸ್ತಕದಲ್ಲಿ ಹೀಗಿದೆ: ‘ಪೆಟ್ಟಿಗೆ ನಿರ್ವಹಣೆಯಲ್ಲಿನ ಸಣ್ಣಪುಟ್ಟ ಲೋಪಗಳ ಕುರಿತು ಚರ್ಚಿಸಲಾಯಿತು.’ ಮಣಿಕಟ್ಟು ಸಣ್ಣದು, ಕಿವಿ ಪುಟ್ಟದು ಎಂದಿರಬೇಕು. ಮಣಿಕಟ್ಟು ಕೂಡಿಕೊಂಡಿದೆ, ಕಿವಿ ಇನ್ನೂ ಕೇಳಿಸುವುದಿಲ್ಲವಂತೆ. ಆ ಸಾಲಿನ ಕೆಳಗೆ ಎಲ್ಲರಂತೆ ನಾನೂ ರುಜು ಹಾಕಿ, ಚಹಾ ಕುಡಿದು ಬಂದೆ. ಆ ರುಜುವನ್ನು ಈಗ ಅಳಿಸಲಾಗದು. ಅದಕ್ಕೇ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ.